ಹೊಸ ಬೂಟು ಹಾಕಿಕೊಂಡು ಮೊದಲ ರೇಸಿಗೆ ಬರಬೇಡಿ

(ಚಿಕ್ಕಮಗಳೂರಿನಲ್ಲಿ, ಮೊದಲ ಬಾರಿ ಡರ್ಟ್ ರೇಸಿಗೆ, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿಗೆ ಇಳಿಯಲು ಹೊರಟಿರುವ ಯುವಕ ಯುವತಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಜನ ತಂದೆ ತಾಯಂದಿರು ಬಂದು ಕೂತಿರುವುದನ್ನು ನೋಡಿ ನಿಜವಾಗಿ ಸಂತೋಷವಾಯಿತು. ಮನೆಯಲ್ಲಿ ಹೇಳದೆ ರೇಸಿಗೆ ಬರುವವರು ನಮ್ಮಲ್ಲಿ ತುಂಬ ಇದ್ದಾರೆ. ಹೇಳಿ ಬಂದವರ ತಯಾರಿ ಯಾವಾಗಲೂ ಒಂದು ಕೈ ಮೇಲೆಯೇ ಇರುತ್ತದೆ.

ರೇಸಿನ ದಿನ ನಾನು ಸ್ಕ್ರೂಟಿನಿ ಮಾಡುವವನು. ಬೈಕು, ಹೆಲ್ಮೆಟ್ಟು, ಬೂಟು ಎಲ್ಲವನ್ನೂ ಮುಟ್ಟಿ ನೋಡಿ, ಸರಿಯಿದ್ದರೆ ಸ್ಟಿಕ್ಕರ್ ಅಂಟಿಸಿ ಒಳಗೆ ಬಿಡುವುದು ನನ್ನ ಕೆಲಸ. ಹೊಸಬರು ಟ್ರ್ಯಾಕಿಗೆ ಇಳಿಯುವ ಮೊದಲು ನನ್ನ ಟೇಬಲ್ಲಿನ ಮುಂದೆ ನಿಲ್ಲುತ್ತಾರೆ. ಬೈಕು ಫಳಫಳ ಹೊಳೆಯುತ್ತಿರುತ್ತದೆ. ಹೊಸ ಸೈಲೆನ್ಸರ್, ಹೊಸ ಹ್ಯಾಂಡಲ್, ಟ್ಯಾಂಕಿನ ತುಂಬ ಸ್ಟಿಕ್ಕರ್. ಕಾಲಿನ ಕಡೆ ನೋಡಿದರೆ ಕಾಲೇಜಿಗೆ ಹಾಕಿಕೊಂಡು ಹೋಗುವ ಕ್ಯಾನ್ವಾಸ್ ಶೂ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆ ನೆನಪಾಗಿ ಬೇಜಾರಾಗುತ್ತದೆ. ಅವರನ್ನು ವಾಪಸು ಕಳಿಸುತ್ತೇವೆ. ಬೈದುಕೊಂಡು ಹೋಗುತ್ತಾರೆ, ಹೋಗಲಿ.

ನನಗೆ ಅವರಿಗಿಂತ ಹೆಚ್ಚು ಚಿಂತೆ ಹಚ್ಚುವವರು ಇನ್ನೊಂದು ಥರದವರು. ಇವರ ಹತ್ತಿರ ಎಲ್ಲವೂ ಇರುತ್ತದೆ. ಬೂಟು, ಮೊಣಕಾಲಿನ ನೀ ಗಾರ್ಡ್, ಎದೆ ಬೆನ್ನಿನ ಆರ್ಮರ್, ಕುತ್ತಿಗೆಯ ನೆಕ್ ಬ್ರೇಸ್, ಗಾಗಲ್ಸ್. ಆದರೆ ಬೂಟಿನ ಅಡಿಯಲ್ಲಿ ಇನ್ನೂ ಮಣ್ಣು ತಾಗಿಲ್ಲ, ನೀ ಗಾರ್ಡಿನ ಬೆಲೆಯ ಚೀಟಿ ಇನ್ನೂ ನೇತಾಡುತ್ತಿದೆ. ಹಿಂದಿನ ದಿನ ಕೊರಿಯರ್‌ನಲ್ಲಿ ಬಂದದ್ದು. ನಿಯಮದ ಪ್ರಕಾರ ನಾನು ಅವರನ್ನು ತಡೆಯುವ ಹಾಗಿಲ್ಲ. ಆದರೆ ಅವರು ಗೇಟಿನಲ್ಲಿ ನಿಂತಾಗ ನನ್ನ ಕಣ್ಣು ಅವರ ಮೇಲೇ ಇರುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುತ್ತಾರಲ್ಲ, ಅದೇ. ಗೇರ್, ಅಂದರೆ ಮೈ ಕಾಯುವ ಈ ಸಾಮಾನೆಲ್ಲ, ಹಾಕಿಕೊಂಡ ಕೂಡಲೇ ನಿಮ್ಮ ಸವಾರಿ ಬದಲಾಗುತ್ತದೆ. ಕಾಲಿಗೆ ಬೈಕಿನ ಗೇರ್ ಲಿವರ್ ಸಿಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ, ಉಸಿರು ಬೇರೆ ಥರ ಕೇಳಿಸುತ್ತದೆ, ಬೆವರು ಬೇರೆ ಕಡೆ ಹರಿಯುತ್ತದೆ. ಇದನ್ನೆಲ್ಲ ರೇಸಿನ ಮೊದಲ ಲ್ಯಾಪಿನಲ್ಲಿ ಕಲಿಯಲು ಹೋದರೆ ಯಾವ ಗೇರ್ ನಿಮ್ಮನ್ನು ಕಾಪಾಡಬೇಕೋ ಅದೇ ಬೀಳಿಸುತ್ತದೆ. ಆದ್ದರಿಂದ ಇವತ್ತು ಏನು ಕೊಳ್ಳಬೇಕು ಅನ್ನುವುದಕ್ಕಿಂತ, ಯಾವುದನ್ನು ಮೊದಲು ಕೊಂಡು ಎಷ್ಟು ದಿನ ಮುಂಚೆ ಮೈಗೆ ಒಗ್ಗಿಸಿಕೊಳ್ಳಬೇಕು ಅನ್ನುವುದರ ಬಗ್ಗೆ ಹೆಚ್ಚು ಮಾತಾಡುತ್ತೇನೆ.

ನಮ್ಮ ರಾಜ್ಯಕ್ಕೆ ಮಣ್ಣಿನ ರೇಸಿನ ಹುಚ್ಚು ಹೊಸದಲ್ಲ. ಯಮಹಾ ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಆದರೂ ಟೂ ಸ್ಟ್ರೋಕ್ ಬೈಕುಗಳ ವಿಭಾಗ ಇದ್ದ ಕಡೆ ಇವತ್ತಿಗೂ ಅದರ ಸದ್ದು ಕೇಳಲು ಜನ ಬೇಲಿ ಹಿಡಿದು ನಿಲ್ಲುತ್ತಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ, ಮರುಭೂಮಿಯಂಥ ಕಠಿಣ ದಾರಿಯಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. ಕೋಲಾರ ಜಿಲ್ಲೆಯಲ್ಲಿ ಅವರು ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್‌ನಲ್ಲಿ ಎಷ್ಟೋ ಹೊಸಬರು ಮಣ್ಣಿನ ಮೇಲೆ ನಿಂತು ಬೈಕ್ ಓಡಿಸುವುದನ್ನು ಕಲಿತಿದ್ದಾರೆ. ಉಡುಪಿಯ ಕೆ.ಪಿ. ಅರವಿಂದ್ 2019ರ ಡಕಾರ್ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ಎಫ್‌ಐಎಂ ನಡೆಸುವ, ಬಾಜಾ ಎಂಬ ಚಿಕ್ಕ ರ್‍ಯಾಲಿಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಹೀಗೆ ದಾರಿ ತೋರಿಸಿದವರು ನಮ್ಮೂರಲ್ಲೇ ಇದ್ದಾರೆ. ನಿಮ್ಮ ಕೈಯಲ್ಲಿರುವುದು ಬಹುಶಃ ಒಂದು ಎಕ್ಸ್‌ಪಲ್ಸ್ ಅಥವಾ ಅಪಾಚೆ, ಇಲ್ಲವೇ ಅಪ್ಪನ ಹಳೆಯ ಆರ್‌ಎಕ್ಸ್. ಶುರುಮಾಡಲು ಅಷ್ಟು ಸಾಕು. ಬೈಕಿಗೆ ಇನ್ನೂ ಏನೂ ಹಾಕಬೇಡಿ. ದುಡ್ಡೆಲ್ಲ ಮೊದಲು ಮೈಗೆ ಹೋಗಲಿ.

ಬೂಟಿನಿಂದ ಶುರುಮಾಡುತ್ತೇನೆ. ಹೆಲ್ಮೆಟ್ಟಿನ ಬಗ್ಗೆ ನಿಮಗೆಲ್ಲ ಗೊತ್ತು, ಹೆಲ್ಮೆಟ್ ಇಲ್ಲದೆ ಯಾರೂ ಬರುವುದಿಲ್ಲ. ಬೂಟಿನ ವಿಷಯದಲ್ಲಿ ಮಾತ್ರ ಹೆಚ್ಚಿನವರು ರಾಜಿ ಮಾಡಿಕೊಳ್ಳುತ್ತಾರೆ.

ಮಣ್ಣಿನ ತಿರುವಿನಲ್ಲಿ ಒಳಗಿನ ಕಾಲನ್ನು ಮುಂದಕ್ಕೆ ಚಾಚುತ್ತೀರಿ. ಟ್ರ್ಯಾಕಿನಲ್ಲಿ ಅಷ್ಟು ಹೊತ್ತಿಗೆ ಕೊರಕಲು ಬಿದ್ದಿರುತ್ತದೆ. ಆ ಕೊರಕಲಿನ ಅಂಚಿಗೆ ಪಾದ ಸಿಕ್ಕಿಕೊಂಡರೆ ಬೈಕು ಮುಂದೆ ಹೋಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ, ಪಾದದ ಕೀಲು ತಿರುಚಿಕೊಳ್ಳುತ್ತದೆ. ಇಲ್ಲವೇ ಬೈಕು ಮಗ್ಗುಲಿಗೆ ಬಿದ್ದಾಗ, ಕಾಲಿಡುವ ಫುಟ್‌ಪೆಗ್ ಮತ್ತು ನೆಲದ ನಡುವೆ ಕಾಲು ಸಿಕ್ಕಿಕೊಳ್ಳುತ್ತದೆ. ನೂರೈವತ್ತು ಕಿಲೋ ಭಾರ, ಅದರ ಕೆಳಗೆ ಒಂದು ಮುಷ್ಟಿ ಅಗಲದ ಕಬ್ಬಿಣದ ಹಲ್ಲು. ಕ್ಯಾನ್ವಾಸ್ ಶೂ ಅಲ್ಲಿ ಏನೂ ಮಾಡುವುದಿಲ್ಲ. ಫ್ಯಾಕ್ಟರಿಯ ಸೇಫ್ಟಿ ಶೂ ಬೆರಳುಗಳನ್ನಷ್ಟೇ ಕಾಯುತ್ತದೆ. ತೋಟಕ್ಕೆ ಹಾಕುವ ಗಂಬೂಟ್ ಕೆಸರನ್ನು ತಡೆಯುತ್ತದೆ, ಮೂಳೆಯನ್ನಲ್ಲ. ಮಣ್ಣಿನ ರೇಸಿಗೆಂದೇ ಮಾಡಿದ ಮೋಟೊಕ್ರಾಸ್ ಬೂಟು ಮೊಣಕಾಲಿನ ಕೆಳಗಿನವರೆಗೆ ಬರುತ್ತದೆ. ಮುಂಗಾಲಿಗೆ ಗಟ್ಟಿ ಪ್ಲಾಸ್ಟಿಕ್ ಹಲಗೆ, ಅಂಗಾಲಿನಲ್ಲಿ ಬಾಗದ ಪಟ್ಟಿ, ಒಳ್ಳೆಯ ಬೂಟಿನಲ್ಲಿ ಪಾದದ ಕೀಲಿನ ಹತ್ತಿರ ಒಂದು ಹಿಂಜ್. ಆ ಹಿಂಜ್ ಪಾದವನ್ನು ಮುಂದೆ ಹಿಂದೆ ಆಡಲು ಬಿಡುತ್ತದೆ, ಪಕ್ಕಕ್ಕೆ ತಿರುಚಿಕೊಳ್ಳಲು ಬಿಡುವುದಿಲ್ಲ. ಬೆಲೆ ಹತ್ತು ಸಾವಿರ ದಾಟುತ್ತದೆ, ನನಗೆ ಗೊತ್ತು. ಸೈಲೆನ್ಸರಿಗೆ ಇಟ್ಟ ದುಡ್ಡು ಇಲ್ಲಿಗೆ ಬರಲಿ.

ಬೂಟು ಬಂತು. ಈಗ ಕೆಲಸ ಶುರು. ಹೊಸ ಮೋಟೊಕ್ರಾಸ್ ಬೂಟು ಹಾಕಿಕೊಂಡು ಬೈಕ್ ಹತ್ತಿದ ಮೊದಲ ದಿನ ಗೇರ್ ಬದಲಾಯಿಸಲು ಬರುವುದಿಲ್ಲ. ಬೂಟಿನ ತುದಿ ದಪ್ಪ, ಲಿವರಿನ ಕೆಳಗೆ ಹೋಗುವುದೇ ಇಲ್ಲ. ಒಂದನೇ ಗೇರಿನಿಂದ ಎರಡಕ್ಕೆ ಹೋಗಲು ಇಡೀ ಕಾಲನ್ನು ಎತ್ತಬೇಕಾಗುತ್ತದೆ. ಹಿಂದಿನ ಬ್ರೇಕಿನ ಕಥೆ ಇನ್ನೂ ಕಷ್ಟ. ಎಷ್ಟು ಒತ್ತಿದ್ದೇನೆ ಎನ್ನುವುದು ಅಂಗಾಲಿಗೆ ತಿಳಿಯುವುದಿಲ್ಲ, ಚಕ್ರ ಲಾಕ್ ಆದಾಗಲೇ ತಿಳಿಯುತ್ತದೆ. ಇದಕ್ಕೆ ಪರಿಹಾರ ಇದೆ. ಗೇರ್ ಲಿವರನ್ನು ಶಾಫ್ಟಿನಿಂದ ಬಿಚ್ಚಿ ಒಂದು ಹಲ್ಲು ಮೇಲಕ್ಕೆ ಕೂರಿಸಿ, ಬ್ರೇಕ್ ಪೆಡಲಿನ ಎತ್ತರವನ್ನೂ ಬೂಟು ಹಾಕಿಕೊಂಡೇ ಹೊಂದಿಸಿ. ಸಂಜೆ ಹೊತ್ತು ಮನೆಯಲ್ಲಿ ಬೂಟು ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯಿರಿ, ಕುಕ್ಕರುಗಾಲಲ್ಲಿ ಕೂತು ಏಳಿ. ಅಮ್ಮ ನೆಲ ಹಾಳಾಗುತ್ತದೆ ಅಂದರೆ ಅಂಗಳದಲ್ಲಿ ಮಾಡಿ. ಆಮೇಲೆ ಖಾಲಿ ಮೈದಾನದಲ್ಲಿ ಎಂಟರ ಆಕಾರ ಹಾಕುತ್ತಾ ಗೇರ್ ಮತ್ತು ಬ್ರೇಕ್ ಎರಡನ್ನೂ ಕಾಲಿಗೆ ಕಲಿಸಿ. ಕೆಳಗೆ ನೋಡದೆ, ಯೋಚಿಸದೆ ಗೇರ್ ಬೀಳುವವರೆಗೆ ರೇಸಿಗೆ ಹೆಸರು ಕೊಡಬೇಡಿ.

ಈಗ ಹೆಲ್ಮೆಟ್. ರಸ್ತೆಯ ಫುಲ್ ಫೇಸ್ ಹೆಲ್ಮೆಟ್ಟಿಗೂ ಮೋಟೊಕ್ರಾಸ್ ಹೆಲ್ಮೆಟ್ಟಿಗೂ ವ್ಯತ್ಯಾಸ ಅಂದದ್ದಲ್ಲ. ಮಣ್ಣಿನಲ್ಲಿ ವೇಗ ಕಡಿಮೆ, ದುಡಿಮೆ ಹೆಚ್ಚು, ಬಾಯಿಂದ ಉಸಿರಾಡುತ್ತೀರಿ. ಅದಕ್ಕೇ ಗದ್ದದ ಭಾಗ ಮುಂದಕ್ಕೆ ಚಾಚಿರುತ್ತದೆ. ಕಣ್ಣಿನ ಕಿಂಡಿ ಗಾಗಲ್ಸ್ ಕೂರುವಷ್ಟು ಅಗಲ ಇರುತ್ತದೆ. ಮೇಲಿನ ಪೀಕ್ ಮುಂದಿನವನ ಚಕ್ರದಿಂದ ಹಾರಿಬರುವ ಮಣ್ಣು ಕಲ್ಲುಗಳಿಗೆ ಅಡ್ಡ. ತಲೆ ತಗ್ಗಿಸಿದರೆ ಸಾಕು, ಕಣ್ಣು ಉಳಿಯುತ್ತದೆ. ಜೋರಾಗಿ ಬಿದ್ದಾಗ ಆ ಪೀಕ್ ಮುರಿದು ಹೋಗಬೇಕು, ಹಾಗೆಯೇ ಮಾಡಿರುತ್ತಾರೆ. ಕೆಲವರು ಅದು ಅಲುಗಾಡುತ್ತದೆ ಎಂದು ದೊಡ್ಡ ಕಬ್ಬಿಣದ ಬೋಲ್ಟು ಹಾಕಿ ಬಿಗಿಮಾಡಿಕೊಂಡು ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುರಿಯದ ಪೀಕ್ ನೆಲಕ್ಕೆ ಕಚ್ಚಿಕೊಂಡರೆ ಆ ತಿರುಚು ನೇರವಾಗಿ ಕುತ್ತಿಗೆಗೆ ಹೋಗುತ್ತದೆ.

ಹೆಲ್ಮೆಟ್ಟಿನ ಹೊರಚಿಪ್ಪಿಗಿಂತ ಮುಖ್ಯವಾದದ್ದು ಒಳಗಿನ ಥರ್ಮಾಕೋಲಿನಂಥ ಪದರ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗಿ, ತಲೆಗೆ ಮುಟ್ಟಬೇಕಾದ ಹೊಡೆತವನ್ನು ತಾನು ತೆಗೆದುಕೊಳ್ಳುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಹೊರಗಿನ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗೆ ಕೆಲಸ ಮುಗಿದಿರುತ್ತದೆ. ಐಎಸ್‌ಐ ಗುರುತು, ಅಂದರೆ ಐಎಸ್ 4151, ನಮ್ಮ ದೇಶದಲ್ಲಿ ಕನಿಷ್ಠ. ಅದರ ಜೊತೆಗೆ ಯುರೋಪಿನ ಗುರುತಾದ ಇಸಿಇ 22.06 ಇದ್ದರೆ ಇನ್ನೂ ಒಳ್ಳೆಯದು. ಆ ಪರೀಕ್ಷೆಯಲ್ಲಿ ನೇರ ಹೊಡೆತದ ಜೊತೆಗೆ ತಲೆಯನ್ನು ತಿರುಚುವ ಓರೆ ಹೊಡೆತವನ್ನೂ ನೋಡುತ್ತಾರೆ. ನಿಮ್ಮ ರೇಸಿನ ಆಯೋಜಕರು ಯಾವ ಗುರುತನ್ನು ಒಪ್ಪುತ್ತಾರೆ ಎಂದು ನಿಯಮದ ಹಾಳೆಯಲ್ಲಿ ಬರೆದಿರುತ್ತಾರೆ. ಕೊಳ್ಳುವ ಮುಂಚೆ ಓದಿಕೊಳ್ಳಿ.

ಸ್ಕ್ರೂಟಿನಿಯಲ್ಲಿ ನಾನು ಮಾಡುವ ಪರೀಕ್ಷೆಯನ್ನು ನೀವೇ ಅಂಗಡಿಯಲ್ಲಿ ಮಾಡಬಹುದು. ಹೆಲ್ಮೆಟ್ ಹಾಕಿ, ಗದ್ದದ ಪಟ್ಟಿಯನ್ನು ಎರಡು ಡಿ ಆಕಾರದ ಉಂಗುರಗಳಲ್ಲಿ ತೂರಿಸಿ ಬಿಗಿಮಾಡಿ. ಹಿಂದೆ ನಿಂತ ಸ್ನೇಹಿತ ಹೆಲ್ಮೆಟ್ಟಿನ ಹಿಂಭಾಗದ ಕೆಳ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸುವಂತೆ ಎತ್ತಲಿ. ಹೆಲ್ಮೆಟ್ ಹಣೆಯ ಮೇಲಿಂದ ಕಳಚಿ ಬಂದರೆ ಅಥವಾ ಬರುವ ಹಾಗೆ ಕಂಡರೆ ಅದು ನಿಮ್ಮದಲ್ಲ, ಎಷ್ಟೇ ಚೆನ್ನಾಗಿದ್ದರೂ ಕೆಳಗಿಡಿ. ತಲೆಯನ್ನು ಪಕ್ಕಕ್ಕೆ ಆಡಿಸಿದಾಗ ಕೆನ್ನೆಯ ಚರ್ಮವೂ ಜೊತೆಗೆ ಸರಿಯಬೇಕು. ಹೊಸದರಲ್ಲಿ ಕೆನ್ನೆ ಒತ್ತಿದಂತಾಗುವುದು ಸರಿಯೇ. ಹಣೆಯಲ್ಲಿ ಒಂದೇ ಕಡೆ ಚುಚ್ಚಿದರೆ ಮಾತ್ರ ಆಕಾರ ಹೊಂದಿಲ್ಲ ಎಂದರ್ಥ. ಬಿಗಿಯಾಗಿದೆ ಎಂದು ಒಂದು ಸೈಜು ದೊಡ್ಡದು ಕೊಳ್ಳುವವರಿದ್ದಾರೆ. ಕೆನ್ನೆಯ ಸ್ಪಂಜು ಕೆಲವು ವಾರಗಳಲ್ಲಿ ಸಡಿಲವಾಗುತ್ತದೆ, ಆಗ ಆ ದೊಡ್ಡ ಹೆಲ್ಮೆಟ್, ಜಂಪ್ ಅಂದರೆ ಹಾರಲು ಕಟ್ಟಿದ ಮಣ್ಣಿನ ದಿಬ್ಬ ಇಳಿಯುವಾಗಲೆಲ್ಲ ಕಣ್ಣಿನ ಮೇಲೆ ಬಂದು ಕೂರುತ್ತದೆ.

ಗಾಗಲ್ಸ್ ಬಗ್ಗೆ ಮಾತಾಡುವಾಗ ನಮ್ಮ ಮಣ್ಣಿನ ಬಗ್ಗೆಯೂ ಮಾತಾಡಲೇಬೇಕು. ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣು ಒಣಗಿದರೆ ಧೂಳು ಏಳುತ್ತದೆ. ನಿಮ್ಮ ಮುಂದೆ ಐದು ಬೈಕಿದ್ದರೆ ಆರನೆಯವರಾದ ನಿಮಗೆ ಟ್ರ್ಯಾಕೇ ಕಾಣುವುದಿಲ್ಲ. ಟ್ಯಾಂಕರಿನಲ್ಲಿ ನೀರು ಹೊಡೆದ ಮೇಲೆ ಅದೇ ಮಣ್ಣು ಜಾರುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣು ಒದ್ದೆಯಾದರೆ ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡಿನ ಒಳಗೆ ತುಂಬಿ, ಚಕ್ರ ತಿರುಗುವುದನ್ನೇ ನಿಲ್ಲಿಸಿಬಿಡುತ್ತದೆ. ಅಲ್ಲಿ ಎತ್ತರದ ಮಡ್‌ಗಾರ್ಡ್ ಇಲ್ಲದ ಬೈಕು ತಳ್ಳುವುದಕ್ಕೂ ಆಗುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದ ಗದ್ದೆ ರೇಸಿನಲ್ಲಿ ಮೊದಲ ತಿರುವು ಮುಗಿಯುವಷ್ಟರಲ್ಲಿ ಗಾಗಲ್ಸ್ ಪೂರ್ತಿ ಕೆಸರು. ಆಗ ಹೊಸಬರು ಮಾಡುವುದು ಒಂದೇ: ಗ್ಲೌಸಿನಿಂದ ಉಜ್ಜುವುದು. ಕೆಸರಿನಲ್ಲಿರುವ ಮರಳು ಲೆನ್ಸನ್ನು ಗೀರಿ, ಮುಂದಿನ ಲ್ಯಾಪಿಗೆ ಬಿಸಿಲು ಬಿದ್ದ ಕೂಡಲೇ ಎದುರಿಗೆ ಬಿಳಿ ಪರದೆ ಬಿದ್ದ ಹಾಗಾಗುತ್ತದೆ. ಅದಕ್ಕೆ ಟೇರ್ ಆಫ್ ಅಂತ ತೆಳು ಹಾಳೆಗಳು ಬರುತ್ತವೆ. ಲೆನ್ಸಿನ ಮೇಲೆ ಒಂದರ ಮೇಲೊಂದು ಹಾಕಿಕೊಂಡು, ಕೊಳೆಯಾದಂತೆ ಒಂದೊಂದನ್ನೇ ಎಳೆದು ಬಿಡಬೇಕು. ನೇರ ದಾರಿಯಲ್ಲಿ ಎಡಗೈಯಿಂದ ಎಳೆಯುವುದನ್ನು ಮೊದಲೇ ಅಭ್ಯಾಸ ಮಾಡಿ, ಇಲ್ಲದಿದ್ದರೆ ಎಲ್ಲವೂ ಒಟ್ಟಿಗೆ ಕಿತ್ತು ಬರುತ್ತವೆ. ರೇಸ್ ಮುಗಿದ ಮೇಲೆ ಆ ಹಾಳೆಗಳನ್ನು ಆರಿಸಿ ತನ್ನಿ. ಗದ್ದೆ ಕೊಟ್ಟ ರೈತರು ಮರುವಾರ ಅಲ್ಲಿ ನೇಗಿಲು ಹೂಡಬೇಕು. ಪಿಟ್ಟಿನಲ್ಲಿ, ಅಂದರೆ ಬೈಕು ನಿಲ್ಲಿಸಿ ಸರಿಮಾಡಿಕೊಳ್ಳುವ ಜಾಗದಲ್ಲಿ, ಒಣ ಬಟ್ಟೆ ಸುತ್ತಿದ ಇನ್ನೊಂದು ಜೊತೆ ಗಾಗಲ್ಸ್ ಇರಲಿ. ಕನ್ನಡಕ ಹಾಕುವವರಿಗೆ ಅದರ ಮೇಲೆ ಕೂರುವ ಗಾಗಲ್ಸ್ ಬೇರೆ ಸಿಗುತ್ತವೆ.

ಇನ್ನು ಎದೆ, ಬೆನ್ನು. ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬ ಹರಡಿದೆ. ಜರ್ಸಿಯ ಮೇಲೆ ಹಾಕುವ ಪ್ಲಾಸ್ಟಿಕ್ಕಿನ ಎದೆ ಕವಚ ನೋಡಿರುತ್ತೀರಿ. ಅದರಲ್ಲಿ ಎಷ್ಟೋ ಕವಚಗಳನ್ನು ಮಾಡಿರುವುದು ರೂಸ್ಟ್ ತಡೆಯಲು, ಅಂದರೆ ಮುಂದಿನ ಬೈಕಿನ ಹಿಂದಿನ ಚಕ್ರ ಎರಚುವ ಕಲ್ಲುಗಳನ್ನು ತಡೆಯಲು. ಯುರೋಪಿನ ಇಎನ್ 14021 ಎನ್ನುವ ಗುರುತು ಇರುವುದು ಅದಕ್ಕೇ. ಬಿದ್ದಾಗ ಬೆನ್ನಿಗೆ ಬೀಳುವ ಹೊಡೆತಕ್ಕೆ ಬೇರೆ ಗುರುತು ಇದೆ, ಇಎನ್ 1621-2. ಅದರಲ್ಲಿ ಎರಡು ಹಂತ. 50 ಜೂಲ್ ಶಕ್ತಿಯ ಹೊಡೆತ ಕೊಟ್ಟಾಗ ಕವಚದ ಈಚೆಗೆ ದಾಟಿಬರುವ ಬಲ ಸರಾಸರಿ 18 ಕಿಲೋನ್ಯೂಟನ್ ಮೀರದಿದ್ದರೆ ಮೊದಲ ಹಂತ, 9 ಮೀರದಿದ್ದರೆ ಎರಡನೆಯದು. ಅಂದರೆ ಲೆವೆಲ್ 2 ಎಂದು ಬರೆದಿದ್ದರೆ ನಿಮ್ಮ ಬೆನ್ನಿಗೆ ಮುಟ್ಟುವುದು ಅರ್ಧದಷ್ಟೇ. ಎದೆಗೆ 1621-3, ಮೊಣಕಾಲು ಮೊಣಕೈಗಳಿಗೆ 1621-1. ಕೊಳ್ಳುವಾಗ ಒಳಗಿನ ಚೀಟಿಯಲ್ಲಿ ಈ ಸಂಖ್ಯೆ ಹುಡುಕಿ. ಸಂಖ್ಯೆ ಇಲ್ಲದ ಸ್ಪಂಜು ಬರೀ ಸ್ಪಂಜು. ಟೂರಿಂಗ್ ಜಾಕೆಟ್ ಹಾಕಿಕೊಂಡು ಬರುತ್ತೇನೆ ಎನ್ನುವವರಿಗೆ ಹೇಳುವುದು: ಹತ್ತು ನಿಮಿಷದಲ್ಲಿ ಅದರೊಳಗೆ ಬೆಂದುಹೋಗುತ್ತೀರಿ. ಜಾಲರಿಯ ಆರ್ಮರ್, ಅದರ ಮೇಲೆ ಸಡಿಲ ಜರ್ಸಿ, ನಮ್ಮ ಬಿಸಿಲಿಗೆ ಇದೇ ಸರಿ.

ಯಾವ ಆರ್ಮರೂ ಪೂರ್ತಿ ಮುಚ್ಚದ ಒಂದು ಜಾಗ ಹೊಟ್ಟೆ. ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ಬಾಜಾ ಅರಗಾನ್ ರ್‍ಯಾಲಿಯಲ್ಲಿ ಬಿದ್ದಾಗ ಅವರಿಗೆ ಗಾಯವಾದದ್ದು ಮೇದೋಜೀರಕ ಗ್ರಂಥಿಗೆ, ಅಂದರೆ ಪ್ಯಾಂಕ್ರಿಯಾಸ್‌ಗೆ. ಆ ಗಾಯದಿಂದ ಎದ್ದು ಬಂದು ಮರುವರ್ಷವೇ ವಿಶ್ವಕಪ್ ಗೆದ್ದರು ಎನ್ನುವುದನ್ನು ನಾನು ಗೌರವದಿಂದ ನೆನೆಯುತ್ತೇನೆ. ನಿಮಗೆ ಹೇಳಬೇಕಾದದ್ದು ಏನೆಂದರೆ, ಹೊಟ್ಟೆಗೆ ಪೆಟ್ಟು ಬಿದ್ದವರು ಹೊರಗೆ ಗಾಯ ಕಾಣದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಒಳಗಿನ ರಕ್ತಸ್ರಾವ ನಿಧಾನವಾಗಿ ತಿಳಿಯುತ್ತದೆ. ಹ್ಯಾಂಡಲ್ಲಿನ ತುದಿ ತೆರೆದ ಕೊಳವೆಯಾಗಿದ್ದರೆ ನಾನು ಆ ಬೈಕನ್ನು ಒಳಗೆ ಬಿಡುವುದಿಲ್ಲ, ಕಾರಣ ಇದೇ. ಗ್ರಿಪ್ ಸವೆದು ತುದಿಯ ಕಬ್ಬಿಣ ಹೊರಬಂದಿರುತ್ತದೆ. ಬಿದ್ದಾಗ ಅದು ಹೊಟ್ಟೆಯೊಳಗೆ ಹೋಗುತ್ತದೆ. ಕ್ಲಚ್, ಬ್ರೇಕ್ ಲಿವರುಗಳ ತುದಿ ಗುಂಡಗೆ ಕನಿಷ್ಠ 16 ಮಿಲಿಮೀಟರ್ ವ್ಯಾಸದ್ದಿರಬೇಕು ಎನ್ನುವ ಎಫ್‌ಐಎಂ ನಿಯಮವೂ ಇದಕ್ಕೇ ಇರುವುದು. ಕನ್ನಡಿ, ಇಂಡಿಕೇಟರ್, ಸ್ಟ್ಯಾಂಡ್, ಸೀರೆ ಗಾರ್ಡ್ ಎಲ್ಲ ಬಿಚ್ಚಿ ಮನೆಯಲ್ಲಿಡಿ. ಆಕ್ಸಿಲರೇಟರ್ ಕೈಬಿಟ್ಟ ಕೂಡಲೇ ಟಪ್ ಎಂದು ಹಿಂದಕ್ಕೆ ಬರಬೇಕು, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗಲೂ. ಬೈಕಿನ ತಯಾರಿಯಲ್ಲಿ ನಾನು ಹೇಳುವುದು ಇಷ್ಟೇ. ಉಳಿದದ್ದು ನಿಮ್ಮ ಮೆಕ್ಯಾನಿಕ್ಕಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮೊಣಕಾಲಿಗೆ ಗಾರ್ಡ್ ಸಾಕೋ ಬ್ರೇಸ್ ಬೇಕೋ ಎಂದು ಎಲ್ಲರೂ ಕೇಳುತ್ತಾರೆ. ಗಾರ್ಡ್ ಪೆಟ್ಟು ತಡೆಯುತ್ತದೆ. ಹಿಂಜ್ ಇರುವ ಬ್ರೇಸ್ ಮೊಣಕಾಲು ಹಿಂದಕ್ಕೆ ಅಥವಾ ಪಕ್ಕಕ್ಕೆ ಮೀರಿ ಬಾಗುವುದನ್ನು ತಡೆಯಲು ನೋಡುತ್ತದೆ, ಬೆಲೆಯೂ ಬಹಳ. ಮೊದಲ ರೇಸಿಗೆ ತೊಡೆಯ ಕೆಳಭಾಗದಿಂದ ಬೂಟಿನವರೆಗೆ ಬರುವ ಉದ್ದನೆಯ ಗಾರ್ಡ್ ಸಾಕು ಎಂಬುದು ನನ್ನ ಅಭಿಪ್ರಾಯ. ಮೊದಲೇ ಲಿಗಮೆಂಟ್ ಗಾಯ ಆದವರು ಮಾತ್ರ ಆರ್ಥೋಪೆಡಿಕ್ ಡಾಕ್ಟರನ್ನು ಕೇಳಿ ನಿರ್ಧರಿಸಿ. ಗಾರ್ಡನ್ನು ಪ್ಯಾಂಟಿನ ಒಳಗೆ ಹಾಕಿ. ಹೊರಗೆ ಹಾಕಿದರೆ ನೆಲಕ್ಕೆ ಉಜ್ಜಿದಾಗ ಸರಿದು ಮೀನಖಂಡಕ್ಕೆ ಬಂದಿರುತ್ತದೆ.

ನೆಕ್ ಬ್ರೇಸ್ ದಕ್ಷಿಣ ಆಫ್ರಿಕಾದ ವೈದ್ಯ ಕ್ರಿಸ್ ಲಿಯಾಟ್ ಅವರಿಂದ ಹೆಸರಾಯಿತು. 2001ರಲ್ಲಿ ತಮ್ಮ ಕಣ್ಣೆದುರು ಒಬ್ಬ ಸವಾರ ತೀರಿಕೊಂಡ ಮೇಲೆ ಅವರು ಅದರ ಕೆಲಸಕ್ಕೆ ಕೈಹಾಕಿದರು. ತಲೆ ಅತಿಯಾಗಿ ಬಾಗಿದಾಗ ಹೆಲ್ಮೆಟ್ಟಿನ ಅಂಚು ಬ್ರೇಸಿನ ಮೇಲೆ ಕೂತು, ಭಾರ ಕುತ್ತಿಗೆಯಿಂದ ಎದೆ ಬೆನ್ನುಗಳ ಕಡೆಗೆ ಹೋಗಲಿ ಎನ್ನುವುದು ಅದರ ತತ್ವ. ಇದು ಸರಿಯಾಗಿ ಆಗಬೇಕಾದರೆ ಹೆಲ್ಮೆಟ್, ಆರ್ಮರ್, ಬ್ರೇಸ್ ಮೂರೂ ಒಂದಕ್ಕೊಂದು ಹೊಂದಬೇಕು. ನಿಂತು ಓಡಿಸುವ ಭಂಗಿಯಲ್ಲಿ ತಲೆ ಎತ್ತಿ ದೂರ ನೋಡಲು ಬರಬೇಕು. ದುಡ್ಡಿದ್ದರೆ ಕೊಳ್ಳಿ, ಆದರೆ ಹೆಲ್ಮೆಟ್, ಬೂಟು, ಎದೆ ಬೆನ್ನು, ಮೊಣಕಾಲು ಆದ ಮೇಲೆ. ಬರೀ ಸ್ಪಂಜಿನ ಉಂಗುರ ಈ ಕೆಲಸ ಮಾಡುವುದಿಲ್ಲ.

ಗ್ಲೌಸ್ ತೆಳುವಾಗಿರಲಿ. ದಪ್ಪ ಚರ್ಮದ ಗ್ಲೌಸಿನಲ್ಲಿ ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಬಿಗಿಯಾಗಿ ಹಿಡಿದರೆ ಆರ್ಮ್ ಪಂಪ್ ಬರುತ್ತದೆ. ಹೊಸಬರ ರೇಸ್ ಮುಗಿಸುವುದು ಹೆಚ್ಚಾಗಿ ಇದೇ. ಮುಂಗೈ ಸ್ನಾಯುಗಳಿಗೆ ರಕ್ತ ತುಂಬಿ ಊದಿಕೊಂಡು, ಸುತ್ತಲಿನ ಗಟ್ಟಿ ಪೊರೆಯೊಳಗೆ ಜಾಗವಿಲ್ಲದೆ ಕಲ್ಲಿನಂತಾಗುತ್ತವೆ. ಬೆರಳಿಗೆ ಬ್ರೇಕ್ ಹಿಡಿಯುವ ಶಕ್ತಿ ಇರುವುದಿಲ್ಲ. ಭಯ ಆದಷ್ಟೂ ಹಿಡಿತ ಬಿಗಿಯಾಗುತ್ತದೆ. ಅದಕ್ಕೆ ಮದ್ದು ಮೊಣಕಾಲಲ್ಲಿದೆ. ಟ್ಯಾಂಕನ್ನು ಮೊಣಕಾಲುಗಳಿಂದ ಅಪ್ಪಿ ಹಿಡಿದರೆ ಕೈ ಸಡಿಲವಾಗುತ್ತದೆ. ಜಿಮ್ಮಿಗೆ ಹೋಗಿ ತೋಳು ದಪ್ಪ ಮಾಡಿಕೊಳ್ಳುವುದಕ್ಕಿಂತ ಸ್ಕ್ವಾಟ್, ಪ್ಲ್ಯಾಂಕ್, ಸೈಕಲ್ ಇವು ಉಪಯೋಗ. ಪೂರ್ತಿ ಗೇರ್ ಹಾಕಿಕೊಂಡು ಹದಿನೈದು ನಿಮಿಷ ಕೂರದೆ, ಪೆಗ್ ಮೇಲೆ ನಿಂತೇ ಓಡಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ರೇಸಿಗೆ ಇನ್ನೂ ಸ್ವಲ್ಪ ಸಮಯ ಬೇಕು. ಅದರಲ್ಲಿ ಅವಮಾನವೇನೂ ಇಲ್ಲ.

ಹಿಂದಿನ ದಿನದಿಂದಲೇ ನೀರು ಕುಡಿಯಿರಿ. ಓಆರ್‌ಎಸ್ ಪೊಟ್ಟಣ ಕಿಟ್ಟಿನಲ್ಲಿರಲಿ. ಬೆಳಿಗ್ಗೆ ಇಡ್ಲಿ, ಬಾಳೆಹಣ್ಣು ಸಾಕು, ಬಿರಿಯಾನಿ ಸಂಜೆಗೆ. ಟಿಟಿ ಇಂಜೆಕ್ಷನ್ ಅವಧಿಯೊಳಗೆ ಇದೆಯೇ ಎಂದು ಡಾಕ್ಟರನ್ನು ಮೊದಲೇ ಕೇಳಿ. ಗದ್ದೆ ಮಣ್ಣಿನ ಗಾಯಕ್ಕೆ ಅದು ಮುಖ್ಯ. ಹೆಲ್ಮೆಟ್ಟಿನ ಹಿಂದೆ ಹೆಸರು, ರಕ್ತದ ಗುಂಪು, ಔಷಧಿಯ ಅಲರ್ಜಿ ಇದ್ದರೆ ಅದು, ಮಳೆಗೆ ಅಳಿಸದ ಶಾಯಿಯಲ್ಲಿ.

ಕಾಗದಪತ್ರದ ವಿಷಯ ಪೋಷಕರು ಗಮನವಿಟ್ಟು ಕೇಳಿ. ದೇಶದ ಮೋಟಾರ್ ಕ್ರೀಡೆಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಅನುಮತಿ ಇರುವ ರೇಸಿಗೆ ಸ್ಪರ್ಧಾ ಲೈಸೆನ್ಸ್ ಬೇಕು, ಅದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಅನುಮತಿ ಇಲ್ಲದ ರೇಸುಗಳೂ ಅಲ್ಲಲ್ಲಿ ನಡೆಯುತ್ತವೆ. ಹೆಸರು ಕೊಡುವ ಮುಂಚೆ ಕೇಳಿ: ಆಂಬುಲೆನ್ಸ್ ಟ್ರ್ಯಾಕಿನ ಹತ್ತಿರವೇ ನಿಂತಿರುತ್ತದೆಯೇ, ಡಾಕ್ಟರ್ ಇರುತ್ತಾರೆಯೇ, ಪ್ರತಿ ತಿರುವಿನಲ್ಲೂ ಬಾವುಟ ಹಿಡಿದ ಮಾರ್ಷಲ್ ಇರುತ್ತಾರೆಯೇ, ಜನರಿಗೂ ಟ್ರ್ಯಾಕಿಗೂ ನಡುವೆ ಬೇಲಿ ಇದೆಯೇ. ಈ ಪ್ರಶ್ನೆಗಳಿಗೆ ಸಿಟ್ಟಿನಿಂದ ಉತ್ತರ ಬಂದರೆ ಆ ರೇಸಿಗೆ ಮಗನನ್ನಾಗಲೀ ಮಗಳನ್ನಾಗಲೀ ಕಳಿಸಬೇಡಿ. ಇನ್ನೊಂದು ವಿಷಯ. ನಿಮ್ಮ ಬೈಕಿನ ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ. ಸಂಘಟಿತ ರೇಸಿಂಗಿಗೆ ಅದು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿರುತ್ತದೆ. ಆರೋಗ್ಯ ವಿಮೆಯಲ್ಲಿ ವೃತ್ತಿಪರವಾಗಿ ಮೋಟಾರ್ ರೇಸಿಂಗ್ ಮಾಡುವವರ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಇರುತ್ತದೆ. ನಿಮ್ಮ ಮಗುವಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಆಯೋಜಕರು ಸ್ಪರ್ಧಿಗಳಿಗೆ ಮಾಡಿಸಿರುವ ವಿಮೆ ಎಷ್ಟು ಎಂಬುದನ್ನೂ ಕೇಳಿ.

ರೇಸಿನ ಬೆಳಿಗ್ಗೆ ಟ್ರ್ಯಾಕನ್ನು ನಡೆದು ನೋಡಿ, ಬೈಕಿನಲ್ಲಲ್ಲ. ಕಲ್ಲು ಎಲ್ಲಿದೆ, ನೀರು ಎಲ್ಲಿ ನಿಂತಿದೆ, ಜಂಪಿನ ಆಚೆ ಬದಿ ಹೇಗಿದೆ. ಕೆಳಗಿನಿಂದ ನೋಡಿದರೆ ಜಂಪಿನ ಏರು ಮಾತ್ರ ಕಾಣುತ್ತದೆ. ಹತ್ತಿ ನಿಂತು ಇಳಿಜಾರನ್ನು ನೋಡಿ. ಮೊದಲ ರೇಸಿನಲ್ಲಿ ಜಂಪುಗಳನ್ನು ಹಾರಬೇಡಿ, ಉರುಳಿಸಿಕೊಂಡು ದಾಟಿ. ಏರಿನಲ್ಲಿ ವೇಗ ಕೊಟ್ಟು ತುದಿಯಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಮುಂದಿನ ಚಕ್ರ ಮೂಗು ಮುಗ್ಗರಿಸಿದಂತೆ ಕೆಳಗೆ ಹೋಗುತ್ತದೆ. ಈ ಅರೆಮನಸ್ಸಿನ ಹಾರುವಿಕೆಯೇ ಎಲ್ಲಕ್ಕಿಂತ ಅಪಾಯ. ಬಾವುಟಗಳಲ್ಲಿ ಹಳದಿಯನ್ನು ಮೈಯಲ್ಲಿ ಇಳಿಸಿಕೊಳ್ಳಿ. ಹಳದಿ ಬೀಸುತ್ತಿದ್ದರೆ ಮುಂದೆ ಯಾರೋ ಬಿದ್ದಿದ್ದಾರೆ. ನಿಧಾನಿಸಿ, ಓವರ್‌ಟೇಕ್ ಬೇಡ, ಜಂಪ್ ಬೇಡ. ಕೆಂಪು ಬಂದರೆ ರೇಸ್ ನಿಂತಿದೆ. ನೀಲಿ ಬಂದರೆ ಒಂದು ಲ್ಯಾಪ್ ಮುಂದಿರುವವರು ಹಿಂದೆ ಬಂದಿದ್ದಾರೆ, ನಿಮ್ಮ ಲೈನಿನಲ್ಲೇ ಹೋಗಿ, ಗಾಬರಿಯಿಂದ ಅಡ್ಡಕ್ಕೆ ತಿರುಗಬೇಡಿ. ದಾರಿ ಹುಡುಕಿಕೊಳ್ಳುವುದು ಅವರ ಕೆಲಸ.

ಬೀಳುತ್ತೀರಿ. ಬಿದ್ದ ಮೇಲೆ ಏಳಲು ಆಗುವುದಾದರೆ ಮೊದಲು ಹಿಂದಿನಿಂದ ಬರುವವರನ್ನು ನೋಡಿ, ಆಮೇಲೆ ಅಂಚಿಗೆ ಬನ್ನಿ. ಬೈಕನ್ನು ಆಮೇಲೆ ಎತ್ತಿದರಾಯಿತು. ಏಳಲು ಆಗದಿದ್ದರೆ ಅಥವಾ ಕುತ್ತಿಗೆ ನೋಯುತ್ತಿದ್ದರೆ ಅಲ್ಲಾಡಬೇಡಿ, ಮಾರ್ಷಲ್ ಬರುತ್ತಾರೆ. ಇಲ್ಲಿರುವ ಗೆಳೆಯರು, ಅಣ್ಣತಮ್ಮಂದಿರು ಇದನ್ನು ನೆನಪಿಡಿ: ಬಿದ್ದವರ ಹತ್ತಿರ ಓಡಿಹೋಗಿ ಹೆಲ್ಮೆಟ್ ಎಳೆಯಬೇಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ತರಬೇತಿ ಪಡೆದವರು ಬರುವವರೆಗೆ ಅದು ಹಾಗೇ ಇರಲಿ. ಅವರು ಇಬ್ಬರು ಸೇರಿ, ಒಬ್ಬರು ಕುತ್ತಿಗೆ ಹಿಡಿದು ಇನ್ನೊಬ್ಬರು ತೆಗೆಯುತ್ತಾರೆ. ಈಚಿನ ಕೆಲವು ಹೆಲ್ಮೆಟ್ಟುಗಳಲ್ಲಿ ಕೆನ್ನೆಯ ಕೆಳಗೆ ಕೆಂಪು ಪಟ್ಟಿ ಇರುತ್ತದೆ. ಅದನ್ನು ಎಳೆದರೆ ಕೆನ್ನೆಯ ಸ್ಪಂಜು ಈಚೆಗೆ ಬಂದು ಹೆಲ್ಮೆಟ್ ಸಲೀಸಾಗಿ ಕಳಚುತ್ತದೆ.

ಪೋಷಕರಿಂದ ಒಂದು ವಿಷಯ ಮುಚ್ಚಿಡಲಾರೆ. 2021ರ ಡಕಾರ್‌ನಲ್ಲಿ ಬೈಕ್ ಸವಾರರಿಗೆ ಮೈಮೇಲೆ ಧರಿಸುವ ಏರ್‌ಬ್ಯಾಗ್ ಕಡ್ಡಾಯ ಮಾಡಿದ್ದರು. ಅದೇ ವರ್ಷ, ಅದೇ ರ್‍ಯಾಲಿಯ ನಾಲ್ಕನೇ ಹಂತದಲ್ಲಿ ಆಗಲೇ ಹೇಳಿದ ಸಿ.ಎಸ್. ಸಂತೋಷ್ ಬಿದ್ದು ತಲೆಗೆ ಪೆಟ್ಟಾಗಿ, ರಿಯಾದ್ ಆಸ್ಪತ್ರೆಯಲ್ಲಿ ವೈದ್ಯರು ಅವರನ್ನು ಔಷಧಿಯಿಂದ ಕೋಮಾದಲ್ಲಿ ಇಡಬೇಕಾಯಿತು. ಅವರು ಚೇತರಿಸಿಕೊಂಡು ಊರಿಗೆ ಬಂದರು. ಅಷ್ಟು ಅನುಭವ, ಅಷ್ಟು ಒಳ್ಳೆಯ ಗೇರ್ ಇದ್ದವರಿಗೂ ಹೀಗಾಯಿತು. ಗೇರ್ ಗಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಇದನ್ನು ಒಪ್ಪಿಕೊಂಡೇ ಮಕ್ಕಳಿಗೆ ಹೂಂ ಅನ್ನಿ, ಇಲ್ಲವೇ ಬೇಡ ಅನ್ನಿ. ಎರಡನ್ನೂ ನಾನು ಗೌರವಿಸುತ್ತೇನೆ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ, ಎಲ್ಲರಿಗೂ ಬೇಕಾದದ್ದು ಅದು. “ಸರ್, ಇಷ್ಟೆಲ್ಲ ಹೊಸದಾಗಿ ಕೊಡಿಸೋದಕ್ಕೆ ನಮ್ಮ ಕೈಲಿ ಆಗಲ್ಲ. ಹಳೇದು ತಗೊಂಡ್ರೆ ಆಗುತ್ತಾ?”

ಆಗುತ್ತಮ್ಮ. ಬೂಟು ಹಳೆಯದು ಕೊಳ್ಳಬಹುದು. ಯಾರೋ ಪಳಗಿಸಿದ ಬೂಟು ಕಾಲಿಗೆ ಬೇಗ ಒಗ್ಗುತ್ತದೆ. ಬಕಲ್‌ಗಳು ನಾಲ್ಕೂ ಬಿಗಿಯುತ್ತವೆಯೇ, ಹಿಂಜ್ ಬಿರುಕು ಬಿಟ್ಟಿದೆಯೇ, ಅಂಗಾಲು ಬಿಟ್ಟುಕೊಂಡಿದೆಯೇ ನೋಡಿ. ಎದೆ ಬೆನ್ನಿನ ಆರ್ಮರ್, ನೀ ಗಾರ್ಡ್ ಇವನ್ನೂ ಬೆಲ್ಟುಗಳ ಎಲಾಸ್ಟಿಕ್ ಸತ್ತಿಲ್ಲದಿದ್ದರೆ, ಪ್ಲಾಸ್ಟಿಕ್ ಸೀಳಿಲ್ಲದಿದ್ದರೆ ತೆಗೆದುಕೊಳ್ಳಬಹುದು. ಸೀನಿಯರ್ ಸವಾರರು ಸೈಜು ಬದಲಾದಾಗ, ಆಟ ಬಿಟ್ಟಾಗ ಕಡಿಮೆ ಬೆಲೆಗೆ ಕೊಡುತ್ತಾರೆ, ಕೆಲವರು ಸುಮ್ಮನೆಯೂ ಕೊಡುತ್ತಾರೆ. ಹೆಲ್ಮೆಟ್ ಮಾತ್ರ ಹಳೆಯದು ಬೇಡವೇ ಬೇಡ. ಅದು ಒಮ್ಮೆ ಬಿದ್ದಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ನನಗೂ ಗೊತ್ತಾಗುವುದಿಲ್ಲ. ಅದೊಂದನ್ನು ಹೊಸದೇ ಕೊಡಿಸಿ, ಮಗನನ್ನು ಅಂಗಡಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ, ತಲೆಗೆ ಹಾಕಿಸಿ, ಹಿಂದಿನಿಂದ ಎತ್ತಿ ನೋಡಿ.